ಅಂದಾನಪ್ಪನ ಕತ್ತರಿ ಮತ್ತು ತಳವಿಲ್ಲದ ಚೀಲ

ಬಟ್ಟೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂಬ ಇಳಕಲ್ಲಿನ ಅಂದಾನಪ್ಪನ ನಂಬಿಕೆ ಅರವತ್ತೆರಡು ವರ್ಷ ಗಟ್ಟಿಯಾಗಿ ಬಾಳಿತು. ಅದು ಹರಿದದ್ದು ೨೦೦೩ರ ಡಿಸೆಂಬರಿನ ಒಂದು ಬೆಳಿಗ್ಗೆ, ಅವನದೇ ಕತ್ತರಿಯಿಂದ.

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಅವನು ರಾಜ. ಹೆಂಡತಿ ರತ್ನಾಬಾಯಿಯ ಕೆಲಸ ಕೊಂಡಿ ಹಾಕುವುದು: ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸುವುದು. ಒಂದೊಂದು ಸೀರೆಗೆ ಸಾವಿರಾರು ಎಳೆ. ನಲವತ್ತು ವರ್ಷ ಅದನ್ನೇ ಮಾಡಿದ್ದಳು. “ನೇಯೂದು ನಾ. ಅಕಿ ಸುಮ್ನ ಕೊಂಡಿ ಹಾಕ್ತಾಳ” ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಬರೆಯುವವರ ಮನೆಗಳಲ್ಲೂ ಇಂಥ ‘ಸುಮ್ನ’ಗಳು ಉಂಟು, ಆ ಮಾತು ಇಲ್ಲಿ ಬೇಡ.

ಆ ವರ್ಷ ಮೊಮ್ಮಗಳು ಪ್ರಿಯದರ್ಶಿನಿ ಎನ್‌ಸಿಸಿಯಿಂದ ದಿಲ್ಲಿಯ ಶಿಬಿರಕ್ಕೆ ಆಯ್ಕೆಯಾದಳು. ಅಲ್ಲಿಯ ಚಳಿಯ ಸುದ್ದಿ ಕೇಳಿದ್ದೇ ತಡ, ರತ್ನಾಬಾಯಿ ಪಕ್ಕದ ಮನೆಯ ಸುಮಾ ಟೀಚರ್ ಹತ್ತಿರ ಹೆಣಿಗೆ ಕಲಿತಳು. ಸೂಜಿ ಎಂದರೆ ಉಜ್ಜಿ ನುಣುಪು ಮಾಡಿದ ನಾಲ್ಕು ಸೈಕಲ್ ಕಡ್ಡಿ. ನೂಲು ಎಂದರೆ ಸೀರೆ ಇಳಿಸಿದಾಗ ಮಗ್ಗದಲ್ಲಿ ಉಳಿಯುವ ಗೇಣುದ್ದದ ರೇಷ್ಮೆ ತುಂಡುಗಳು, ಬುಟ್ಟಿ ತುಂಬ: ದಾಳಿಂಬೆಗೆಂಪು, ಗಿಳಿಹಸಿರು, ನವಿಲುಬಣ್ಣ.

“ಏನ ಇದು, ತಳ ಇಲ್ಲದ ಚೀಲ?”

“ಕೊರಳಿಗೆ ಹಾಕ್ಕೊಳ್ಳೂದ್ರಿ. ಬೆಚ್ಚಗ ಇರ್ತದ.”

“ಮಗ್ಗಿಲ್ಲ, ಹಾಸಿಲ್ಲ, ಹೊಕ್ಕಿಲ್ಲ. ಇದಕ್ಕ ಅರಿವಿ ಅಂತಾರೇನ?”

“ನೀವು ಅರಿವಿ ಅನ್ನಬ್ಯಾಡ್ರಿ. ಮೊಮ್ಮಗಳ ಕೊರಳು ಅಂದ್ರ ಸಾಕು.”

ಪ್ರಿಯದರ್ಶಿನಿ ಹೊರಡುವ ಹಿಂದಿನ ದಿನ ಕೊರಳಗವಸು ಮುಗಿಯಿತು. ರತ್ನಾಬಾಯಿ ಅದನ್ನು ಗೂಟಕ್ಕೆ ತೂಗುಹಾಕಿ, ಅಕ್ಕನನ್ನು ನೋಡಲು ಹುನಗುಂದದ ಬಸ್ಸು ಹತ್ತಿದಳು. ಅಂದಾನಪ್ಪ ಹತ್ತಿರ ಬಂದು ನೋಡಿದ. ಮೇಲಿನ ಅಂಚು ಒಂದು ಕಡೆ ಬೆರಳಷ್ಟು ಎದ್ದಿತ್ತು. ದಿಲ್ಲಿಯವರು ಕಂಡರೆ ಇಳಕಲ್ಲಿನ ಮರ್ಯಾದೆ ಏನಾದೀತು? ಜೀವನವಿಡೀ ಮಗ್ಗದಿಂದ ಸೀರೆ ಕತ್ತರಿಸಿ ಇಳಿಸಿದ ಕೈ ಅದು. ಕಚಕ್ಕನೆ ಸವರಿಬಿಟ್ಟ.

ಕತ್ತರಿಸಿದ ನೇಯ್ಗೆ ಸುಮ್ಮನೆ ಕೂತಿರುತ್ತದೆ. ಇದು ಕೂರಲಿಲ್ಲ. ಕುಣಿಕೆಗಳು ಬಾಯಿ ತೆರೆದವು. ನೇತಾಡುತ್ತಿದ್ದ ಎಳೆಯನ್ನು ಗಾಬರಿಯಲ್ಲಿ ಎಳೆದ. ಬಂತು. ಇನ್ನೂ ಎಳೆದ, ಇನ್ನೂ ಬಂತು. ಮೊಮ್ಮಗಳ ಕೊರಳಿನ ಬಿಸುಪು ಸುತ್ತುಸುತ್ತಾಗಿ ಬಿಚ್ಚಿ ಅವನ ತೊಡೆಯ ಮೇಲೆ ಬಿತ್ತು.

ಎಳೆಯುವುದನ್ನು ನಿಲ್ಲಿಸಿ ನೂಲನ್ನು ಕೈಗೆತ್ತಿಕೊಂಡ. ಗಂಟು ಎಲ್ಲಿ? ಗೇಣುದ್ದದ ತುಂಡುಗಳಲ್ಲವೇ ಇವು? ಕನ್ನಡಕ ಏರಿಸಿ ಮಾರುಗಟ್ಟಲೆ ನೂಲನ್ನು ಬೆರಳಲ್ಲಿ ಸವರಿದ. ಒಂದೂ ಗಂಟಿಲ್ಲ. ಪ್ರತಿ ತುದಿಗೂ ಬೂದಿ ಹಚ್ಚಿ ಹೊಸೆದಿದ್ದಳು. ನಾಲ್ಕೆಳೆ ಕೂಡಿಸಿ, ಒಂದರ ಸೇರಿಕೆ ಇನ್ನೊಂದರ ಪಕ್ಕ ಬಾರದಂತೆ. ಕೆಂಪು ಯಾವಾಗ ಹಸಿರಾಯಿತೆಂದು ಕಣ್ಣಿಗೆ ತಿಳಿಯಿತು, ಬೆರಳಿಗೆ ತಿಳಿಯಲಿಲ್ಲ. ಅವನು ನೇಯ್ದು ಮರೆತ ಸೀರೆಗಳೆಲ್ಲ ಒಂದೇ ನೂಲಾಗಿ ಅಂಗೈ ಮೇಲೆ ಹಾದುಹೋದವು. ಅವುಗಳ ನೇಯ್ಗೆಯನ್ನು ಬೆಳಕಿಗೆ ಹಿಡಿದು ಸಾವಿರ ಸಲ ನೋಡಿದ್ದ. ಸೇರಿಕೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನ ಮರಳಿದ ರತ್ನಾಬಾಯಿ ಬಾಗಿಲಲ್ಲೇ ನಿಂತಳು.

“ಕತ್ತರಿ ಹಚ್ಚಿದ್ರೇನ?”

“ಹೂಂ.” ಬಿಚ್ಚಿದ ನೂಲನ್ನು ಮುಂದೆ ಚಾಚಿ ಕೇಳಿದ, “ನಾಳಿ ಬಾಗಲಕೋಟಿಯಿಂದ ಶಿಬಿರದ ಹುಡುಗ್ಯಾರ ಬಸ್ಸು. ಅಷ್ಟರಾಗ ಆಗ್ತದೇನ?”

ಅವಳು ಕಡ್ಡಿ ತೆಗೆದಳು. ಕೊಂಡಿ ಹಾಕುವ ಅದೇ ಬೆರಳಿನಿಂದ ಬಾಯ್ದೆರೆದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿದಳು. ನೂರಿಪ್ಪತ್ತು. ಒಂದೂ ಜಾರಲಿಲ್ಲ, ಎಣಿಸುತ್ತ ಕೂತ ಅಂದಾನಪ್ಪನೇ ಎರಡು ಸಲ ಲೆಕ್ಕದಲ್ಲಿ ಜಾರಿದ.

“ನಾ ಏನ ಮಾಡಲಿ?”

“ಕತ್ತರಿಗೆ ಸಿಕ್ಕ ಚೂರೆಲ್ಲ ಮತ್ತ ಹೊಸೀಬೇಕು. ಬೂದಿ ಹಿಡ್ಕೊಂಡ ಕೂಡ್ರಿ.”

ಸಂಜೆಯವರೆಗೆ ಬಟ್ಟಲು ಹಿಡಿದು ಕೂತ, ಆರತಿ ತಟ್ಟೆ ಹಿಡಿದವನ ಹಾಗೆ.

ಮರುದಿನ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಪ್ರಿಯದರ್ಶಿನಿ ಅದನ್ನು ಕೊರಳಿಗೆ ಇಳಿಸಿಕೊಂಡಳು. ಎರಡು ಬೆರಳು ಗಿಡ್ಡವಾಗಿತ್ತು, ಆದರೂ ಗದ್ದದವರೆಗೆ ಬಂತು. ಜೊತೆಯ ಹುಡುಗಿಯರು ಸುತ್ತ ನೆರೆದು ಮುಟ್ಟಿ ಮುಟ್ಟಿ ನೋಡಿದರು.

“ಅಜ್ಜಾ, ನೀ ನೇಯ್ದಿಯೇನ ಇದನ್ನ?”

“ಇಲ್ಲವ್ವ,” ಎಂದ ಅಂದಾನಪ್ಪ. “ನಿಮ್ಮಜ್ಜಿ ಮಾಡ್ಯಾಳ. ನಾ ಸುಮ್ನ ಬೂದಿ ಹಿಡ್ದಿದ್ದೆ.”