ಇನ್‌ಸ್ಪೆಕ್ಷನ್ ದಿನದ ಮೇಷ್ಟ್ರು

ನಮ್ಮ ಕನ್ನಡ ಮೇಷ್ಟ್ರು ಬಾಯಿ ತೆರೆಯುವ ಮೊದಲು ಅವರ ಎಡಹುಬ್ಬು ಮೇಲೇರುತ್ತಿತ್ತು. ದನಿ ಆಮೇಲೆ ಹೊರಡುತ್ತಿತ್ತು. ಮಂಡಿ ಮೊಹಲ್ಲಾದ ಈರುಳ್ಳಿ ಸಾಹುಕಾರರಿಂದ ಹಿಡಿದು ನಮ್ಮ ಹೆಡ್‌ಮಿಸ್‌ವರೆಗೆ ಎಲ್ಲರನ್ನೂ ಅಣಕಿಸಿದವನು ನಾನು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಬೆಪ್ಪಾಗಿ ನಿಲ್ಲುವ ನನ್ನನ್ನೂ ಬಿಟ್ಟಿಲ್ಲ. ಆ ಹುಬ್ಬು ಮಾತ್ರ ನನಗೆ ಒಲಿಯಲಿಲ್ಲ.

ನಮ್ಮ ಪ್ರೈಮರಿ ಶಾಲೆಗೆ ಸರ್ಕಾರ ಅನುಮತಿ ಕೊಟ್ಟಿದ್ದು ಕನ್ನಡ ಮಾಧ್ಯಮಕ್ಕೆ. ನಡೆಯುತ್ತಿದ್ದದ್ದು ಇಂಗ್ಲಿಷ್ ಮಾಧ್ಯಮ. ಆಗ ಎಷ್ಟೋ ಖಾಸಗಿ ಶಾಲೆಗಳ ಬಾಳು ಹಾಗೇ. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಇಂಗ್ಲಿಷ್ ಪುಸ್ತಕಗಳೆಲ್ಲ ಗೋಣಿಚೀಲ ಸೇರುತ್ತಿದ್ದವು. ಬೀರುವಿನಿಂದ ಒಂದು ಮಡಿಕೆಯೂ ಬೀಳದ ಕನ್ನಡ ಪುಸ್ತಕಗಳು ಇಳಿಯುತ್ತಿದ್ದವು. ವಿಜ್ಞಾನದ ಮಿಸ್ ಸ್ಟಾಫ್‌ರೂಮಿಗೆ, ಅವರ ಪಾಠವನ್ನು ಕನ್ನಡದಲ್ಲಿ ಮಾಡಲು ಮೇಷ್ಟ್ರು ನಮ್ಮ ಕ್ಲಾಸಿಗೆ. ಕನ್ನಡ ಉಳಿಸಲು ಬಂದ ಕಾನೂನು ನಮಗೆ ಕಲಿಸಿದ್ದು ಪುಸ್ತಕ ಬಚ್ಚಿಡುವುದನ್ನು.

ನಮಗದು ನಾಟಕ. ಮೇಷ್ಟ್ರು ಮಾತ್ರ ಆ ಒಂದು ಪಾಠವನ್ನು ವರ್ಷವಿಡೀ ಮನೆಯಲ್ಲಿ ತಿದ್ದಿ ತೀಡುತ್ತಿದ್ದರಂತೆ. ಆ ವರ್ಷ ನಮ್ಮ ಪಾಲಿಗೆ ಬಂದದ್ದು ಹೃದಯದ ಪಾಠ.

"ಇದು ಎರಡಂತಸ್ತಿನ ಮನೆ ಕಣ್ರೋ. ಮೇಲೆರಡು ಕೋಣೆ, ಕೆಳಗೆರಡು. ಮಧ್ಯೆ ಬಾಗಿಲು. ಕೆಳಕ್ಕಿಳಿದ ರಕ್ತ ಮತ್ತೆ ಮೇಲಕ್ಕೆ ಹೋಗಂಗಿಲ್ಲ."

ಇನ್‌ಸ್ಪೆಕ್ಟರ್ ಕಾಫಿ ಕುಡಿದು, ಸಹಿ ಹಾಕಿ ಹೋದರು. ಮೇಷ್ಟ್ರು ನಿಲ್ಲಿಸಲಿಲ್ಲ. ಕೆಳಗಿನ ಕೋಣೆಗೆ ಇನ್ನೇನು ಇಳಿಯಬೇಕು, ಹೆಡ್‌ಮಿಸ್ ಬಾಗಿಲಲ್ಲಿ ನಿಂತು, "ಸಾಕು ಬಿಡಿ ಸಾರ್, ಅವ್ರು ಹೋಗಾಯ್ತು" ಅಂದರು. ಹುಬ್ಬು ಇಳಿಯಿತು.

ಮುಂದೆ ಕೋರ್ಟು, ಮಾಧ್ಯಮದ ಆಯ್ಕೆಯನ್ನು ಅಪ್ಪ ಅಮ್ಮಂದಿರಿಗೇ ಬಿಟ್ಟಿತು. ನಾಟಕ ಮುಗಿಯಿತು. ನಮ್ಮಪ್ಪ ಸಿಹಿ ಹಂಚಿದರು. ಅವರನ್ನು ಹೇಗೆ ಬೈಯಲಿ? ಇಂಗ್ಲಿಷ್ ಬಾರದೆ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಅವರು ನುಂಗಿದ ಅವಮಾನ ನನಗೆ ಗೊತ್ತು. ಬೀದಿಯಲ್ಲಿ ಸಿಕ್ಕ ಮೇಷ್ಟ್ರು ಮೆಲ್ಲಗೆ ಹೇಳಿದರು: "ಸುಳ್ಳು ಹೇಳಕ್ಕಾದ್ರೂ ವರ್ಷಕ್ಕೊಂದಿನ ಕನ್ನಡ ಬೇಕಾಗಿತ್ತು ಕಣೋ. ಈಗ ಅದಕ್ಕೂ ಬ್ಯಾಡ."

ಅದಾದ ಸ್ವಲ್ಪ ದಿನಕ್ಕೆ ಅವರ ಹೃದಯವೇ ಕೈಕೊಟ್ಟಿತು. ಕಾಲೇಜಿನಿಂದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ ಹೊರಟರು. ನನಗೆ ಅರ್ಥವಾಗಿತ್ತು. ಮೇಷ್ಟ್ರ ಹೆಂಡತಿ ನನ್ನ ಕಡೆ ತಿರುಗಿದರು. "ಏನಂದ್ರಪ್ಪಾ?"

"ಅಮ್ಮಾ, ಇದು ಎರಡಂತಸ್ತಿನ ಮನೆ. ಮೇಲೆರಡು ಕೋಣೆ..." ನನ್ನ ಬಾಯಿಂದ ಹೊರಟಿದ್ದು ಮೇಷ್ಟ್ರದೇ ದನಿ.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಹುಬ್ಬು ಇಳಿಸಪ್ಪ. ನೋಡಕ್ಕಾಗಲ್ಲ."

ಇಳಿಸಿದೆ. ಕೆಟ್ಟಿದ್ದದ್ದು ಕೆಳಗಿನ ಕೋಣೆ. ಅದನ್ನು ಹೇಳಲು ನನ್ನ ಬಳಿ ಕನ್ನಡವಿರಲಿಲ್ಲ. ಅವತ್ತು ಮೇಷ್ಟ್ರ ಪಾಠ ಬಾಗಿಲಿಗೇ ನಿಂತಿತ್ತಲ್ಲ. ಸಂಜೆಯ ಹೊತ್ತಿಗೆ ಮೇಷ್ಟ್ರು ಹೋದರು. ಏನಾಗಿತ್ತೆಂದು ಅವರ ಹೆಂಡತಿಗೆ ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ.