ನವಿಲಿನ ಮುಂದೆ ನಾನು ಹೇಳಿದ ಮಾತು

ಅನಘಾ, ಬೀಸಣಿಗೆ ಎತ್ತು ಎಂದು ನಿನಗೆ ಹೇಳಿದವಳು ನಾನು. ಎತ್ತಬೇಡ ಎಂದಿದ್ದೆ ಎಂದು ಆಮೇಲೆ ಹೇಳಿದ್ದು ಸುಳ್ಳು. ಎಂಟು ವರ್ಷಗಳಿಂದ ನಿನ್ನ ಅಪ್ಪ, ಅಮ್ಮ, ನಮ್ಮ ಪರಿಚಯದ ಕನ್ನಡದ ಮನೆಗಳೆಲ್ಲ ನಂಬಿಕೊಂಡು ಬಂದಿರುವುದು ಆ ಸುಳ್ಳನ್ನು. ನಿನ್ನ ಎಡಗಣ್ಣು ಹೋದದ್ದು ನಿನ್ನ ಹಟದಿಂದಲ್ಲ, ನನ್ನ ಮಾತಿನಿಂದ.

ಇದನ್ನು ಮೊದಲೇ ಬರೆದುಬಿಟ್ಟೆ. ಹಿನ್ನೆಲೆಯಿಂದ ಶುರುಮಾಡಿದ್ದರೆ ನಡುವೆ ಎಲ್ಲೋ ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುತ್ತಿದ್ದೆ—ನನ್ನ ಬುದ್ಧಿ ನನಗೆ ಗೊತ್ತು. ಇನ್ನು ಕ್ರಮವಾಗಿ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಗೊತ್ತಿಲ್ಲದ್ದೇ ಹೆಚ್ಚು.

ನಾನು ಮೈಸೂರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ಬೆಳೆದವಳು. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಹಾಸಿಗೆಯ ಮೂಲೆ ಸರಿಯಾಗಿ ಮಡಿಸದಿದ್ದರೆ ಮತ್ತೆ ಮಡಿಸಬೇಕು. ಆಮೇಲೆ ಡೆಟ್ರಾಯಿಟ್ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಮೂವತ್ತು ವರ್ಷ. ನಿವೃತ್ತಿಯಾದ ಮೇಲೆ ಬೋಲಿಂಗ್‌ಬ್ರೂಕ್‌ನಿಂದ ಹನ್ನೆರಡು ಮೈಲಿ ಆಚೆ, ಯಾವ ಬಡಾವಣೆಯ ನಿಯಮಕ್ಕೂ ಸೇರದ ಮೂರು ಎಕರೆ ತೆಗೆದುಕೊಂಡು ಒಬ್ಬಳೇ ಇದ್ದೆ. ವಾರ್ಡ್ ಇರಲಿಲ್ಲ, ಅಪ್ಪಣೆ ಕೊಡಲು ಯಾರೂ ಇರಲಿಲ್ಲ. ನವಿಲನ್ನು ತಂದದ್ದು ಅದಕ್ಕೇ ಇರಬೇಕು.

ಮಿಶಿಗನ್‌ನ ಫಾರ್ಮಿನಲ್ಲಿ ಮರಿ ಕೊಟ್ಟ ಹೆಂಗಸು ಎರಡು ಸಲ ಎಚ್ಚರಿಸಿದಳು. ಒಂದೇ ಗಂಡುಮರಿಯನ್ನು ಒಯ್ಯಬೇಡ, ಜೊತೆಗೆ ಎರಡು ಹೆಣ್ಣುಮರಿ ಇರಲಿ. ಮನುಷ್ಯರ ಕೈಯಲ್ಲೇ ಬೆಳೆದ ಗಂಡಿಗೆ ಮನುಷ್ಯರ ಭಯ ಹೋಗುತ್ತದೆ, ಪ್ರಾಯಕ್ಕೆ ಬಂದ ಮೇಲೆ ನಮ್ಮನ್ನೇ ಎದುರಾಳಿಯೆಂದು ತಿಳಿಯುತ್ತದೆ ಎಂದಳು. ನಾನು ನಕ್ಕೆ. ಶಿಸ್ತಿಲ್ಲದವರ ಕೈಗೆ ಸಿಕ್ಕಿದರೆ ಹಾಗಾಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಒಂದನ್ನೇ ತಂದೆ.

ರಾಜ ಎಂದು ಹೆಸರಿಟ್ಟೆ. ಮೊದಲ ಚಳಿಗಾಲ ಲಾಂಡ್ರಿ ರೂಮಿನಲ್ಲಿ, ಆಮೇಲೆ ಹಿತ್ತಲಿನ ದೊಡ್ಡ ಬಲೆಗೂಡಿನಲ್ಲಿ. ಆರೂ ಹತ್ತಕ್ಕೆ ಕಾಳು, ಮಧ್ಯಾಹ್ನ ಸೊಪ್ಪು, ಸಂಜೆ ಮತ್ತೆ ಕಾಳು. ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಗಿಳಿಯುವ ದಿನಗಳಲ್ಲಿ ಕಾಲ್ಬೆರಳು ಹೆಪ್ಪುಗಟ್ಟದಿರಲಿ ಎಂದು ಕೂರಲು ಅಗಲವಾದ ಹಲಗೆ. ಎಲ್ಲವನ್ನೂ ರೋಗಿಯ ಚಾರ್ಟಿನಂತೆ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆ: ಎಷ್ಟು ತಿಂದಿತು, ಹಿಕ್ಕೆ ಹೇಗಿತ್ತು, ಎಷ್ಟು ಸಲ ಕೂಗಿತು.

ಮೂರನೆಯ ವಸಂತಕ್ಕೆ ಉದ್ದ ಗರಿ ತುಂಬಿ ಬಂತು. ಬೆಳಗ್ಗೆ ನಾನು ಹೋದರೆ ಗರಿ ಬಿಚ್ಚಿ, ಮೈಯೆಲ್ಲ ನಡುಗಿಸಿ, ನನ್ನ ಸುತ್ತ ತಿರುಗುತ್ತಿತ್ತು. ಅದನ್ನು ನಾನು ವಿಧೇಯತೆ ಎಂದುಕೊಂಡೆ. ಸುತ್ತಲಿನ ಲೊಂಬಾರ್ಡ್, ಲಿಸ್ಲ್ ಊರುಗಳಿಂದ ಕನ್ನಡದ ಮನೆಮಂದಿಯೆಲ್ಲ ಡ್ರೈವ್ ಮಾಡಿಕೊಂಡು ಸುಬ್ರಹ್ಮಣ್ಯನ ವಾಹನ ಎಂದು ನೋಡಲು ಬರುತ್ತಿದ್ದರು. "ಮೇಟ್ರನ್ ಆಂಟಿ ಹತ್ರ ನವಿಲೂ ಟೈಮಿಗೆ ಸರಿಯಾಗಿ ಡ್ಯೂಟಿ ಮಾಡುತ್ತೆ ನೋಡ್ರಪ್ಪಾ!" ಎಂದು ನಿನ್ನ ಅಪ್ಪ ಗಿರೀಶ ಎಲ್ಲರ ಮುಂದೆ ತಮಾಷೆ ಮಾಡುತ್ತಿದ್ದ. ಆ ತಮಾಷೆ ನನಗೆ ಬಹಳ ಇಷ್ಟವಾಗುತ್ತಿತ್ತು.

ಅದರ ಮರುವರ್ಷ ಮೇ ತಿಂಗಳಲ್ಲಿ ನಿನ್ನ ರಂಗಪ್ರವೇಶದ ಆಹ್ವಾನಪತ್ರಿಕೆಗೆ ಒಂದು ಫೋಟೋ ಬೇಕಾಗಿತ್ತು. ನಿನಗೆ ಹದಿಮೂರು ವರ್ಷ. ಫೋಟೋ ನವಿಲಿನ ಪಕ್ಕದಲ್ಲೇ ಆಗಲಿ ಎಂದವಳು ನಿನ್ನ ಅಮ್ಮ ಸುಧಾ. ಹಿಂದಿನ ಆಗಸ್ಟಿನಲ್ಲಿ ರಾಜ ಉದುರಿಸಿದ್ದ ಗರಿಗಳಿಂದ ನಿನ್ನ ಕೈಗೆ ಬೀಸಣಿಗೆ ಕಟ್ಟಿಕೊಡುತ್ತೇನೆ ಎಂದವಳು ನಾನು.

ಈಗ ಬರೆಯುವುದು ಯಾರಿಗೂ ಗೊತ್ತಿಲ್ಲ. ಫೋಟೋಗೆ ಎರಡು ದಿನ ಮೊದಲು, ಗುರುವಾರ, ಕಟ್ಟಿ ಮುಗಿಸಿದ ಬೀಸಣಿಗೆಯನ್ನು ಹಿಡಿದುಕೊಂಡೇ ನಾನು ಗೂಡಿನೊಳಗೆ ಹೋದೆ. ರಾಜ ಅದನ್ನು ನೋಡಿದ. ಗರಿ ಬಿಚ್ಚಿದ—ಅಷ್ಟು ಸೊಗಸಾಗಿ ಎಂದೂ ಬಿಚ್ಚಿರಲಿಲ್ಲ. ಮರುಕ್ಷಣ ನನ್ನ ಎದೆಯ ಎತ್ತರಕ್ಕೆ ಹಾರಿ ಕಾಲಿನ ಮುಳ್ಳಿನಿಂದ ಹೊಡೆದ. ಮುಂಗೈ ಮೂರು ಅಂಗುಲ ಸೀಳಿತು. ನಾನೇ ತೊಳೆದು ಪಟ್ಟಿ ಕಟ್ಟಿಕೊಂಡೆ.

ಆ ದಿನದ ಪುಟದಲ್ಲಿ ಹೀಗೆ ಬರೆದೆ: ಆರೂ ಹತ್ತು, ಕಾಳು, ಚೆನ್ನಾಗಿ ತಿಂದಿತು. ಅಷ್ಟೇ. ಚಾರ್ಟಿನಲ್ಲಿ ಮುಚ್ಚಿಟ್ಟದ್ದಕ್ಕೆ ಎಷ್ಟೋ ಚಿಕ್ಕ ನರ್ಸ್‌ಗಳನ್ನು ನಿಲ್ಲಿಸಿಕೊಂಡು ಅಳಿಸಿದವಳು ನಾನು. ಆದರೆ ಇದನ್ನು ಬರೆದಿದ್ದರೆ ಫೋಟೋ ರದ್ದು ಮಾಡಬೇಕಾಗುತ್ತಿತ್ತು. ನನ್ನ ನವಿಲು ನನ್ನ ಮಾತು ಕೇಳುವುದಿಲ್ಲ ಎಂದು ಫೋನ್ ಮಾಡಿ ಹೇಳಬೇಕಾಗುತ್ತಿತ್ತು—

ಶನಿವಾರ ಉದ್ದ ತೋಳಿನ ಶರ್ಟ್ ಹಾಕಿಕೊಂಡೆ.

ನೀನು ನವಿಲಿನ ಬಣ್ಣದ ರೇಷ್ಮೆ ಉಟ್ಟು, ಗೆಜ್ಜೆ ಕಟ್ಟಿ, ಗೂಡಿನೊಳಗೆ ನನ್ನ ಪಕ್ಕ ನಿಂತಿದ್ದೆ. ಬೀಸಣಿಗೆಯನ್ನು ಬೆನ್ನ ಹಿಂದೆ ಹಿಡಿದುಕೋ ಎಂದು ಮೊದಲು ಹೇಳಿದವಳೂ ನಾನೇ. ಅಷ್ಟರಮಟ್ಟಿಗೆ ನನಗೆ ಭಯವಿತ್ತು. ಗಿರೀಶ ಬಲೆಯ ಆಚೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ರಾಜ ಮೂಲೆಯಲ್ಲಿ ಬಾಲ ಎಳೆದುಕೊಂಡು ಸುಮ್ಮನೆ ನಡೆಯುತ್ತಿದ್ದ, ನಡುನಡುವೆ ಕಿವಿಗಡಚಿಕ್ಕುವಂತೆ ಕೂಗುತ್ತಿದ್ದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅವನು ಗರಿ ಬಿಚ್ಚಲಿಲ್ಲ. ಸುಧಾ ಮಲ್ಲಿಗೆ ದಂಡೆ ತರಲು ಕಾರಿಗೆ ಹೋದಳು. "ಏನ್ ಆಂಟಿ, ನಿಮ್ ಸ್ಟಾಫ್ ಇವತ್ತು ಸ್ಟ್ರೈಕಾ?" ಎಂದು ಗಿರೀಶ ನಕ್ಕ.

ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ರಾಜ ಗರಿ ಬಿಚ್ಚುವುದು ಏನನ್ನು ಕಂಡರೆ ಎಂದು ನನಗೆ ಗೊತ್ತಿತ್ತು. ಬಿಚ್ಚಿದ ಮೇಲೆ ಏನು ಮಾಡುತ್ತಾನೆ ಎಂಬುದೂ ಗೊತ್ತಿತ್ತು. ನಿನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ:

"ಬೀಸಣಿಗೆ ಎತ್ತು ಪುಟ್ಟಿ. ಮುಖದ ಹತ್ರ ಹಿಡಿ."

ನೀನು ಹೇಳಿದಷ್ಟನ್ನೇ ಮಾಡಿದೆ.

ಮುಂದಿನದನ್ನು ವಿವರಿಸುವುದಿಲ್ಲ, ಅದು ನಿನ್ನ ಮೈಮೇಲೆ ನಡೆದದ್ದು. ನಾನು ಮಾಡಿದ್ದನ್ನಷ್ಟೇ ಹೇಳುತ್ತೇನೆ. ರಾಜನನ್ನು ಒದ್ದು ದೂರ ತಳ್ಳಿದೆ. ನಿನ್ನನ್ನು ಹೊರಗೆ ತಂದು ಹುಲ್ಲಿನ ಮೇಲೆ ಮಲಗಿಸಿ, ತಲೆ ಅಲುಗದಂತೆ ಹಿಡಿದು, ಕಣ್ಣಿನ ಮೇಲೆ ಭಾರ ಬೀಳದಂತೆ ಕಾಗದದ ಲೋಟ ಕವುಚಿ ಕಟ್ಟಿದೆ. ಆಂಬುಲೆನ್ಸಿನವರು ಕೂಡ ಹೊಗಳಿದರು.

ಸುಧಾ ಓಡಿ ಬಂದಳು. "ಅಯ್ಯಯ್ಯ, ಏನಾತ್ರಿ ಆಂಟಿ? ಏನಾತ್ರಿ?"

ನಿನ್ನ ತಲೆ ನನ್ನ ಎರಡು ಕೈಗಳ ನಡುವೆ ಇತ್ತು. ನಾನು ಹೇಳಿದೆ: "ಎತ್ತಬೇಡ ಅಂದಿದ್ದೆ ಸುಧಾ. ಎತ್ತಿಬಿಟ್ಟಳು."

ಯೋಚಿಸಿ ಹೇಳಿದ್ದಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಯೋಚಿಸದೆ ಬಂದ ಮಾತನ್ನು ಯೋಚಿಸಿ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. "ಬಟ್ ಆಂಟಿ, ಯೂ ಸೆಡ್—" ಎಂದು ನೀನು ಶುರುಮಾಡಿದೆ. ನಿನ್ನ ಅಮ್ಮ ಅಳುತ್ತಲೇ ಗದರಿಸಿದಳು: "ಬಾಯಿ ಮುಚ್ಚು! ಇಷ್ಟಾದ್ರೂ ಎದುರುಮಾತಾಡ್ತೀಯೇನ?" ನೀನು ಸುಮ್ಮನಾದೆ. ನಾನೂ ಸುಮ್ಮನಿದ್ದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಗಿರೀಶ ನನ್ನ ಮುಂದೆ ಕೈಮುಗಿದ. "ಸಾರಿ ಆಂಟಿ. ನಮ್ ಹುಡುಗಿ ಮಾತೇ ಕೇಳೋದಿಲ್ಲ. ನೀವು ಇಲ್ದೇ ಇದ್ದಿದ್ರೆ ಏನಾಗ್ತಿತ್ತೋ." ನಾನು ಅವನ ಭುಜ ತಟ್ಟಿ, "ಮಕ್ಕಳಲ್ವಾ, ಬಿಡಪ್ಪಾ" ಎಂದೆ. ಹೌದು—ನಿನ್ನನ್ನು ನಾನು ಕ್ಷಮಿಸಿದೆ.

ಸೋಮವಾರ ಪಶುವೈದ್ಯರನ್ನು ಕರೆಸಿ ರಾಜನಿಗೆ ಪ್ರಾಣ ತೆಗೆಯುವ ಸೂಜಿ ಹಾಕಿಸಿದೆ. ಹಿಡಿದುಕೊಂಡವಳು ನಾನೇ, ನನ್ನ ಕೈಯಾದ್ದರಿಂದ ಅವನು ಕೊಸರಲಿಲ್ಲ. ಮಗುವಿಗೋಸ್ಕರ ಹೀಗೆ ಮಾಡಿದೆ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ, ಅವನು ಬದುಕಿದ್ದರೆ ಇನ್ನೊಬ್ಬರ ಮೇಲೆ ಹಾರುತ್ತಿದ್ದ, ಆಗ ತಪ್ಪು ನಿನ್ನದಲ್ಲ ಎಂದು ಯಾರಿಗಾದರೂ ಹೊಳೆಯುತ್ತಿತ್ತು. ಆ ಪಕ್ಷಿ ಮಾಡಿದ್ದಾದರೂ ಏನು? ಜೊತೆಯೇ ಇಲ್ಲದೆ ನನ್ನೊಬ್ಬಳನ್ನೇ ನೋಡಿ ಬೆಳೆದು, ತನ್ನ ಗೂಡಿನಲ್ಲಿ ಇನ್ನೊಂದು ಗಂಡು ಬಂದು ಗರಿ ಎತ್ತಿತು ಎಂದುಕೊಂಡಿತು.

ನಿನ್ನ ರಂಗಪ್ರವೇಶ ನಡೆಯಲಿಲ್ಲ. ಆಮೇಲೆ ನೃತ್ಯವೂ ನಿಂತಿತು. ನಿಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ, ನೀನು ಸಣ್ಣದೊಂದು ಮಾತು ಮೀರಿದರೂ ಸುಧಾ, "ಹೇಳಿದ್ದ ಕೇಳಿದ್ರ ಕಣ್ಣ ಉಳೀತಿತ್ತು" ಎನ್ನುವುದನ್ನು ಕೇಳಿದ್ದೇನೆ. ಕೇಳಿ, ತಲೆ ತಗ್ಗಿಸಿ ಅನ್ನ ಕಲಸಿದ್ದೇನೆ.

ಹೋದ ತಿಂಗಳು ನೀನು ಓದುತ್ತಿರುವ ಆನ್ ಆರ್ಬರ್‌ನಿಂದ ಒಬ್ಬಳೇ ನನ್ನ ಮನೆಗೆ ಬಂದೆ. ರಾಜ ಸತ್ತದ್ದು ನಿನ್ನಿಂದ, ಅದಕ್ಕೆ ಸಾರಿ ಕೇಳಬೇಕು ಎಂದು ಬಂದಿದ್ದೆ. ಇಂಗ್ಲಿಷಿನಲ್ಲಿ ಶುರುಮಾಡಿ, ನನಗಾಗಿ ಕಷ್ಟಪಟ್ಟು ಕನ್ನಡಕ್ಕೆ ತಿರುಗಿದೆ: "ಆಂಟಿ, ನೀವೇ 'ಎತ್ತು' ಅಂದಿದ್ದು ಅಂತ ನಂಗೆ ಈಗ್ಲೂ ಕೇಳ್ಸುತ್ತೆ. ಬಟ್ ಅದು ರಿಯಲ್ ಅಲ್ಲ, ಐ ನೋ. ನಾನೇ ಇಮ್ಯಾಜಿನ್ ಮಾಡ್ಕೊಂಡಿದ್ದು. ಅದನ್ನ ಅಕ್ಸೆಪ್ಟ್ ಮಾಡೋಕೆ ಇಷ್ಟು ವರ್ಷ ಆಯ್ತು." ಈಗ ಬೇರೆ ವಿಷಯಗಳಲ್ಲೂ ನನ್ನ ನೆನಪನ್ನು ನಾನು ನಂಬುವುದಿಲ್ಲ, ಯಾವುದಕ್ಕೂ ಇನ್ನೊಬ್ಬರನ್ನು ಕೇಳಿಯೇ ಖಚಿತಮಾಡಿಕೊಳ್ಳುತ್ತೇನೆ ಎಂದು ನೀನು ಹೇಳಿದೆ.

ಕಣ್ಣೊಂದನ್ನೇ ತೆಗೆದೆನೆಂದು ನಾನು ಅಂದುಕೊಂಡಿದ್ದೆ.

ಆಗಲಾದರೂ ಹೇಳಬೇಕಿತ್ತು. ನೀನು ನನ್ನೆದುರು ಮೂರು ಅಡಿ ದೂರದಲ್ಲಿ ಕೂತಿದ್ದೆ. ನಾನು, "ಕಾಫಿ ಆರಿಹೋಗುತ್ತೆ, ಕುಡಿ" ಎಂದೆ. ಎಂಟು ವರ್ಷದ ಹಿಂದಿನದು ಒಂದು ಕ್ಷಣದ ಹೇಡಿತನ ಎನ್ನುವುದಾದರೆ, ಇದು ಏನು—

ಈ ಪತ್ರ ಎಲ್ಲರಿಗಿಂತ ಮೊದಲು ನಿನ್ನ ಕೈ ಸೇರಲಿ ಎಂದು ನಿನ್ನ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಆಮೇಲೆ ಅದರ ಭಾರವನ್ನೂ ನೀನೇ ಹೊರಬೇಕಾಗುತ್ತದೆ. ಬರುವ ಶನಿವಾರ ನೀನು ಲಿಸ್ಲ್‌ನಲ್ಲಿ ಅಪ್ಪ ಅಮ್ಮನ ಮನೆಯಲ್ಲಿರುತ್ತೀಯೆಂದು ಸುಧಾ ಹೇಳಿದಳು. ಬೆಳಗ್ಗೆ ಹತ್ತಕ್ಕೆ ಅಲ್ಲಿಗೆ ಬರುತ್ತೇನೆ. ನಿನ್ನ ಅಪ್ಪ ಅಮ್ಮನ ಮುಂದೆ, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ನಡುವೆ ನಾನೆಲ್ಲಿಯಾದರೂ ತಪ್ಪಿಸಿಕೊಳ್ಳಲು ನೋಡಿದರೆ ಅಲ್ಲೇ ತಡೆದು, ನಡೆದದ್ದು ಹೀಗೆ ಎಂದು ನೀನು ಹೇಳು. ನೀನು ಹೇಳಿದ್ದಕ್ಕೆ ನಾನು ಹೌದು ಎನ್ನುತ್ತೇನೆ.