ಬಾಳೆಸಿಪ್ಪೆಯ ಕೆಂಪು

ನನ್ನ ಜೊತೆ ಪಿಎಚ್‌ಡಿ ಮಾಡಿದ ಕಮಲಾಪುರದ ಹುಡುಗಿಯನ್ನು ನೆನೆದರೆ ನನಗೆ ಮೊದಲು ಬರುವುದು ಸಿಟ್ಟು. ಮನುಷ್ಯರು ಅಷ್ಟೊಂದು ಪ್ರಾಮಾಣಿಕರಾಗಿರಬಾರದು, ಪಕ್ಕದ ಟೇಬಲ್ಲಿನವರಿಗೆ ಬಹಳ ಕಷ್ಟವಾಗುತ್ತದೆ.

ಕಲಬುರಗಿಯ ಪ್ರಯೋಗಾಲಯದಲ್ಲಿ ನಾವಿಬ್ಬರೂ ಒಬ್ಬರೇ ಗೈಡಿನ ಕೈಕೆಳಗಿದ್ದೆವು. ನಾನು ಸ್ಟೇಶನ್ ಬಜಾರದ ಮನೆಯಿಂದ ಆಟೊದಲ್ಲಿ ಹೋಗುವವಳು, ಆದರೂ ತಡ. ಅವಳು ಊರಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ನನಗಿಂತ ಮೊದಲು ಬೀಗ ತೆಗೆದಿರುತ್ತಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ನನ್ನನ್ನು ಆಪಾ ಎನ್ನುತ್ತಿದ್ದಳು. ಅವಳ ತಾಯಿ ಕಮಲಾಪುರದಲ್ಲಿ ಬ್ಲೌಸು ಹೊಲಿದು ಮಗಳನ್ನು ಓದಿಸಿದವರು. ಮಗಳು ಡಾಕ್ಟರ್ ಆಗುವುದನ್ನು ನೋಡುವುದೊಂದೇ ಅವರ ಆಸೆ.

ಎಲ್‌ಇಡಿ ಪರದೆಗಳಿಗೆ ಕೆಂಪು ಬೆಳಕು ಕೊಡುವ ಪುಡಿ ತಯಾರಿಸುವುದು ನಮ್ಮ ಕೆಲಸ. ಲವಣಗಳನ್ನು ನೀರಿನಲ್ಲಿ ಕರಗಿಸಿ, ಉರಿಯಲೆಂದು ಯೂರಿಯಾ ಬೆರೆಸಿ, ಕಾದ ಕುಲುಮೆಯಲ್ಲಿಟ್ಟರೆ ಅದು ಕುದ್ದು, ನೊರೆಯೆದ್ದು, ಭಗ್ಗನೆ ಹೊತ್ತಿ, ಕೊನೆಗೆ ಚುರುಮುರಿಯ ಹಾಗೆ ಉಬ್ಬಿ ಕೂರುತ್ತದೆ. ಅದನ್ನು ಕಲ್ಲಿನ ಕಲಬತ್ತಿನಲ್ಲಿ ಅರೆದು ನೇರಳೆ ದೀಪದ ಕೆಳಗೆ ಹಿಡಿದರೆ ಕೆಂಪಗೆ ಹೊಳೆಯಬೇಕು. ಹೊಳಪು ಬರುವುದು ಅದರಲ್ಲಿ ಬೆರೆಸಿದ ಯೂರೋಪಿಯಂ ಎಂಬ ಲೋಹದಿಂದ. ಅದು ಬಲು ದುಬಾರಿ, ಚಿಟಿಕೆ ಚೆಲ್ಲಿದರೂ ಗೈಡಿನ ಮುಖ ಗಂಟಾಗುತ್ತಿತ್ತು.

ಯೂರಿಯಾ ಬದಲು ತನ್ನೂರಿನ ಕೆಂಪು ಬಾಳೆಯ ಸಿಪ್ಪೆ ಒಣಗಿಸಿ ಹಾಕುತ್ತೇನೆಂದಳು ಅವಳು. “ಹಣ್ಣು ತಿಂದು ಸಿಪ್ಪಿ ಎಸಿಲಾಕ ನಿನಗ ಬ್ಯಾರೆ ಜಾಗಾ ಸಿಗಲಿಲ್ಲೇನು?” ಎಂದು ಕಾಡಿಸಿದೆ. ಆದರೆ ಆ ಪುಡಿ ಹೊಳೆಯಿತು ನೋಡಿ! ಯೂರೋಪಿಯಂ ಅರೆಚಿಟಿಕೆಯಷ್ಟೇ ಇದ್ದರೂ ಕೆಂಡದಂಥ ಕೆಂಪು. ಗೈಡು ಅಂದು ಎಲ್ಲರಿಗೂ ಚಹಾ ತರಿಸಿದರು. ಸುದ್ದಿ ಊರಿಗೂ ಹೋಯಿತು. ‘ಕಮಲಾಪುರದ ಬಾಳೆಯಿಂದ ಟಿವಿಗೆ ಬಣ್ಣ’ ಎಂದು ಜನ ಮಾತಾಡಿಕೊಂಡರು, ಬಾಳೆ ಬೆಳೆಯುವವರೆಲ್ಲ ಸೇರಿ ಸನ್ಮಾನಕ್ಕೆ ಶಾಮಿಯಾನ ಗೊತ್ತುಮಾಡಿದರು. ಪ್ರಬಂಧ ಮುದ್ರಣಕ್ಕೆ ಹೋಗುವುದೊಂದೇ ಬಾಕಿ.

ಆಗ ಅವಳು ಯಾರೂ ಕೇಳದ ಒಂದು ಕೆಲಸ ಮಾಡಿದಳು. ಯೂರೋಪಿಯಂ ಸ್ವಲ್ಪವೂ ಇಲ್ಲದ ಪುಡಿ ತಯಾರಿಸಿ ದೀಪದ ಕೆಳಗೆ ಹಿಡಿದಳು. ಅದು ಕತ್ತಲಾಗಿರಬೇಕಿತ್ತು. ಹೊಳೆಯಿತು.

ನನ್ನನ್ನು ಕರೆದು ತೋರಿಸಿದಳು. ಇಬ್ಬರೂ ಒಂದೊಂದೇ ಪಾತ್ರೆಯನ್ನು ದೀಪದ ಕೆಳಗೆ ಹಿಡಿಯುತ್ತ ಹೋದೆವು. ಕಲಬತ್ತಿನ ತಳದಲ್ಲಿ ಕೂದಲೆಳೆಯಂಥ ಬಿರುಕಿತ್ತು, ಅದರ ಉದ್ದಕ್ಕೂ ಕೆಂಪು ಗೆರೆ. ಯಾವ ಕಾಲದಲ್ಲೋ ಅರೆದ ಯೂರೋಪಿಯಂ ಪುಡಿ ಅಲ್ಲಿ ಕೂತು, ಪ್ರತಿ ಸಲವೂ ಅವಳ ಪುಡಿಯೊಳಗೆ ಸೇರಿಕೊಳ್ಳುತ್ತಿತ್ತು. ತೊಳೆದು, ಒರೆಸಿ, ಶುದ್ಧವಾಯಿತೆಂದು ನಂಬುವುದು ನಮ್ಮಂಥವರೇ ಮಾಡುವ ತಪ್ಪು. ಅರೆಚಿಟಿಕೆಯ ಪವಾಡದಲ್ಲಿ ಸಿಪ್ಪೆಯ ಪಾಲೆಷ್ಟು, ಬಿರುಕಿನ ಪಾಲೆಷ್ಟು ಎಂದು ಇನ್ನು ಯಾರೂ ಹೇಳುವ ಹಾಗಿರಲಿಲ್ಲ.

“ಎಲ್ಲಾ ಮತ್ತ ಮೊದಲಿಂದ ಮಾಡಬೇಕು ಆಪಾ,” ಎಂದಳು. ಅಳಲಿಲ್ಲ. ನನಗೇ ಅಳು ಬಂತು. ವಿಷಯ ತಿಳಿದ ಗೈಡು ಕಲಬತ್ತನ್ನು ತಾವೇ ದೀಪದ ಕೆಳಗೆ ಹಿಡಿದು ನೋಡಿ, “ಹೊಸಾ ಕಲಬತ್ತು ತರಸ್ತೀನವಾ,” ಎಂದರು. ನನಗೆ ಆ ಮನುಷ್ಯರ ಮೇಲೂ ಅಂದಿನಿಂದ ಗೌರವ ಹೆಚ್ಚಿತು.

ಸನ್ಮಾನ ರದ್ದು ಮಾಡಿಸಲು ಅವಳು ಊರಿಗೆ ಫೋನು ಮಾಡಿದರೆ, ಸಂಕೋಚಕ್ಕೆ ಬೇಡವೆನ್ನುತ್ತಾಳೆ ಎಂದುಕೊಂಡು ಅಲ್ಲಿಯವರು ನಕ್ಕರಂತೆ. ಹೋಗಲೇಬೇಕಾಯಿತು, ನಾನೂ ಜೊತೆಗೆ ಹೋದೆ. ಮುಂದಿನ ಸಾಲಿನಲ್ಲಿ ಅವಳ ತಾಯಿ, ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ. ಮಗಳು ಅವರಿಗೂ ಏನೂ ಹೇಳಿರಲಿಲ್ಲ, ಹೇಳಲು ಬಾಯೇ ಬರಲಿಲ್ಲವಂತೆ. ವೇದಿಕೆಯ ಮೇಲೆ ಶಾಲು ಮಡಿಸಿಟ್ಟಿತ್ತು, ಪಕ್ಕದಲ್ಲಿ ಬುಟ್ಟಿ ತುಂಬ ಕೆಂಪು ಬಾಳೆ.

ಅವಳು ಮೈಕು ತೆಗೆದುಕೊಂಡಳು. “ನಮ್ಮ ಬಾಳೇಹಣ್ಣಿಂದ ಬಣ್ಣ ಬಂತು ಅಂತ ನಾ ಹೇಳಿದ್ದೆ. ಅದು ತಪ್ಪಾಗ್ಯಾದರೀ. ಪುಡಿ ಅರಿಯೋ ಕಲ್ಲು ಸೀಳಿತ್ತು, ಅದರಾಗ ಹಳೀ ಪುಡಿ ಕೂತಿತ್ತು. ಖರೇ ಎಷ್ಟದ ಅಂತ ಇನ್ನೂ ನನಗೇ ಗೊತ್ತಿಲ್ಲ. ಈ ಶಾಲು ನಾ ತಗೋಳಾಂಗಿಲ್ಲ.”

ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು, ತಪ್ಪೊಪ್ಪಿಕೊಂಡವಳು ಮಾತ್ರ ನೆಟ್ಟಗೆ ನಿಂತಿದ್ದಳು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅವಳ ತಾಯಿ ಎದ್ದು, ಊರವರೆಲ್ಲರ ಎದುರಿಗೇ ಕೇಳಿದರು: “ಹಂಗಾರ ನೀ ಡಾಕ್ಟರ್ ಆಗಾಂಗಿಲ್ಲೇನು?”

ಅವಳು ಮೈಕು ಕೆಳಗಿಳಿಸಿ ತಾಯಿಯ ಕಡೆ ತಿರುಗಿದಳು. “ಆಗ್ತೀನವ್ವಾ. ಖರೇ, ತಡಾ ಆಗ್ತದ. ಎಷ್ಟಂತ ಹೇಳಾಕಾಗಲ್ಲ.”

ತಾಯಿ ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದರು. ಶಾಲನ್ನು ಮುಟ್ಟಲಿಲ್ಲ. ಮಗಳ ಕೈಯಿಂದ ಮೈಕು ಬಿಡಿಸಿ ಮೇಜಿನ ಮೇಲಿಟ್ಟು, ಅವಳ ಮುಂಗೈ ಹಿಡಿದುಕೊಂಡರು.

“ಆಗಲಿ ತಗೋ. ನಾ ಇನ್ನೂ ಹೊಲಿತೀನಿ.”